ಪೆಡಲ್ ಏನು ಹೇಳ್ತಿದೆ, ಮೊದಲು ಕೇಳಿ

ಹಳೇ ಟಾಟಾ 407ಗೆ ಹೊಸ ಮಾಸ್ಟರ್ ಸಿಲಿಂಡರ್ ಹಾಕಿದ ಮೇಲೂ ಬ್ರೇಕ್ ಸರಿಹೋಗದಿದ್ದರೆ ಎಲ್ಲರದ್ದೂ ಒಂದೇ ಸಲಹೆ: "ಇನ್ನೊಂದ್ಸಲ ಬ್ಲೀಡ್ ಮಾಡು." ಲೋಡ್ ಹೊತ್ತು ಘಾಟಿ ಇಳಿಯೋ ಗಾಡಿಗೆ ಇದು ಸಾಲದು ಅನ್ನೋದು ನನ್ನ ವಾದ. ಮೊದಲು ಪೆಡಲ್ ಒತ್ತಿ ನೋಡಬೇಕು. ಸ್ಪಂಜಿನ ಥರ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಸಿಲಿಂಡರನ್ನು ಗಾಡಿಗೆ ಕೂರಿಸೋ ಮುಂಚೆ ವೈಸ್‌ಗೆ ಹಿಡಿದು, ಆಯಿಲ್ ತುಂಬಿ, ಗುಳ್ಳೆ ನಿಲ್ಲೋವರೆಗೂ ನಿಧಾನಕ್ಕೆ ಒತ್ತಬೇಕಿತ್ತು. ಅವಸರದಲ್ಲಿ ಬಿಟ್ಟುಹೋಗೋದು ಇದೇ. ಪೆಡಲ್ ಗಟ್ಟಿಯಾಗಿದ್ದೂ ತುಂಬಾ ಕೆಳಗೆ ಸಿಕ್ಕರೆ ಡ್ರಮ್ಮಿಗೂ ಶೂಗೂ ಗ್ಯಾಪ್ ಜಾಸ್ತಿ ಇರಬಹುದು, ಅದನ್ನು ಅಡ್ಜಸ್ಟ್ ಮಾಡಬೇಕು. ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಲೀಕ್ ಕಾಣದಿದ್ದರೆ ಹೊಸ ಸಿಲಿಂಡರ್ ಮೇಲೇ ಡೌಟು. ಹೊಸದು ಅಂದಮಾತ್ರಕ್ಕೆ ಬಿಡಬಾರದು! ವೈವಾದಲ್ಲಿ ಪ್ಯಾಸ್ಕಲ್ ನಿಯಮ ಒಪ್ಪಿಸಿದರೆ ಮಾರ್ಕ್ಸ್ ಸಿಗುತ್ತೆ. ಇದನ್ನೂ ಕೇಳಲಿ, ಬೇಕಾದರೆ ಎರಡು ಮಾರ್ಕ್ಸ್ ಹೋಗಲಿ.