ಕಸ ಹಿಡಿಯೋ ಬಲೆ ಸಮುದ್ರಕ್ಕಿಂತ ಮೊದಲು ಮೋರಿಗೆ ಬೇಕು



ಸಮುದ್ರದಲ್ಲಿ ಪ್ಲಾಸ್ಟಿಕ್ ಬಾಚೋ ದೊಡ್ಡ ಬಲೆಯ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರ್ತದೆ. ನೆದರ್ಲ್ಯಾಂಡ್ಸಿನ ಬೋಯನ್ ಸ್ಲಾಟ್ ಅನ್ನೋ ಹುಡುಗ 2013ರಲ್ಲಿ ಶುರು ಮಾಡಿದ ‘ಓಷನ್ ಕ್ಲೀನಪ್’ ಸಂಸ್ಥೆಯದು ಅದು. ಆದರೆ ಅವರೇ 2019ರಲ್ಲಿ ನದಿಯಲ್ಲಿ ಕಸ ಎತ್ತೋ ಯಂತ್ರ ತಂದರು. ಸಮುದ್ರ ಸೇರಿದ್ದನ್ನ ಹುಡುಕೋದಕ್ಕಿಂತ ದಾರೀಲಿ ತಡೆಯೋದು ಸುಲಭ ತಾನೆ?

ನಾನು ಹೇಳೋದು, ಇನ್ನೂ ಹಿಂದಕ್ಕೆ ಬನ್ನಿ, ಮೋರಿಗೇ ಬನ್ನಿ.

ಮೈಸೂರಿನ ಕೃಷ್ಣಮೂರ್ತಿಪುರಂ ಕಡೆ ಜೋರು ಮಳೆ ಬಿದ್ರೆ ಚರಂಡಿ ನೀರು ವಿದ್ಯಾರಣ್ಯಪುರಂ ಕಡೆಗೆ ಇಳೀತದೆ. ಮುಂದೆ ದಳವಾಯಿ ಕೆರೆ, ಆಮೇಲೆ ಕಬಿನಿ. ತಿರುಮಕೂಡಲಿನಲ್ಲಿ ಕಾವೇರಿ. ಅಲ್ಲಿನ ಹಾಲಿನ ಕವರು ಬಂಗಾಳಕೊಲ್ಲಿ ಕಾಣೋ ಮೊದಲು ನಮ್ಮಂಥವರ ತೂಬು, ಕಾಲುವೆ, ಗದ್ದೆ ದಾಟಬೇಕು. ತೂಬಿಗೆ ಸಿಕ್ಕಿಕೊಂಡರೆ ಎಳೆಯೋರು ನಾವು. ದನ ತಿಂದರೆ ನಷ್ಟ ನಮ್ಮದು. ಕ್ಯಾರಿಬ್ಯಾಗು ರಾಜ್ಯದಲ್ಲಿ 2016ರಲ್ಲೇ ಬ್ಯಾನ್ ಆಯ್ತು, ಕವರು ಬರೋದು ನಿಂತಿಲ್ಲ.

ತಡೆಯೋ ಉಪಾಯ ಭಾರೀ ವಿದ್ಯೆಯಲ್ಲ. ತೇಲೋ ತಡೆಯನ್ನ ಒಂದು ದಡದಿಂದ ಇನ್ನೊಂದು ದಡಕ್ಕೆ ಓರೆಯಾಗಿ ಕಟ್ಟೋದು. ನೀರು ಅಡಿಯಿಂದ ಹೋಗ್ತದೆ, ತೇಲೋ ಕಸ ಒಂದು ಮೂಲೆಗೆ ಸೇರ್ತದೆ, ಅಲ್ಲಿಂದ ಎತ್ತೋದು. ಚೆನ್ನೈನ ಕೂವಂ ನದಿಯಲ್ಲಿ ಇಂಥದ್ದನ್ನ ಕಟ್ಟಿದ್ದಾರೆ. ಮುಳುಗಿ ಹೋಗೋ ಕವರು, ಪುಡಿಯಾದ ಪ್ಲಾಸ್ಟಿಕ್ಕು ಇದಕ್ಕೆ ಸಿಗಲ್ಲ, ಅದೂ ನಿಜ.

ಕಷ್ಟ ಇರೋದು ಕಟ್ಟೋದರಲ್ಲಲ್ಲ, ದಿನಾ ಎತ್ತೋದರಲ್ಲಿ. ಎತ್ತದಿದ್ರೆ ಅದೇ ಕಸದ ಕಟ್ಟೆಯಾಗಿ ನೀರು ಪಕ್ಕದ ಬೀದಿಗೋ ಹೊಲಕ್ಕೋ ನುಗ್ತದೆ. ಎತ್ತಿ ದಡದಲ್ಲೇ ಗುಡ್ಡೆ ಹಾಕಿದ್ರೆ ಮುಂದಿನ ಮಳೆಗೆ ಮತ್ತೆ ನಮ್ಮ ಕಡೆಗೇ. ಅದಕ್ಕೇ ಟೆಂಡರು ಬರೀ ತಡೆ ಕಟ್ಟೋಕೆ ಕರೆಯೋದು ಬೇಡ. ದಿನಾ ಎತ್ತಿ, ಒಣಗಿಸಿ, ಸಾಗಿಸೋ ಕೆಲಸವೂ ಅದರಲ್ಲೇ ಇರಲಿ. ಮೋರಿಗೆ ಇಳಿಯೋರಿಗೆ ಗ್ಲೌಸು, ಬೂಟು, ಸರಿಯಾದ ಕೂಲಿ ಇರಲಿ. ಖರ್ಚು ಕಸ ಮಾಡಿದ ನಗರದ್ದು, ಕೆಳಗಿನ ಪಂಚಾಯ್ತಿಯದ್ದಲ್ಲ.

ನಗರಕ್ಕೆ ಬುದ್ಧಿ ಹೇಳಿ ನಾವು ಸುಮ್ಮನಿದ್ರೂ ಆಗಲ್ಲ. ಬದುವಿನ ಮೇಲಿನ ಔಷಧಿ ಬಾಟ್ಲಿ, ಹರಿದ ಮಲ್ಚಿಂಗ್ ಶೀಟು, ಡ್ರಿಪ್ ಪೈಪಿನ ತುಂಡು ಅದೇ ನೀರಿಗೆ ಹೋಗ್ತವೆ.

ಮುಂಗಾರಿಗೆ ಮೊದಲು ಕೆರೆ ಕೆಳಗಿನ ಊರಿನೋರು ಸೇರಿ ಒಂದು ಅರ್ಜಿ ಕೊಡೋಣ. ನೀರು ಬೇಕು, ಕವರು ಬೇಡ. ಇಷ್ಟೇ ಬರೆದರೆ ಸಾಕು. ನಿಮ್ಮೂರ ತೂಬಿನ ಫೋಟೋ ಇದ್ರೆ ಕಳಿಸಿ, ಅರ್ಜಿ ಜೊತೆ ಲಗತ್ತಿಸೋಣ.