ಹಳೆಯ ಪಿಕಪ್‌ಗೆ ಮೊದಲು ಬ್ರೇಕ್
ಪೂರ್ವ ದೆಹಲಿಯ ಲಕ್ಷ್ಮೀ ನಗರದ ವಿಕಾಸ್ ಮಾರ್ಗದಲ್ಲಿ ಸರಕು ಹೊತ್ತ ಪಿಕಪ್‌ಗಳಿಗೆ ದಿನವಿಡೀ ಬ್ರೇಕ್ ತುಳಿಯುವುದೇ ಕೆಲಸ. ಇಂಥ ಪಿಕಪ್‌ಗಳೂ ಸೇರಿ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಎಷ್ಟೋ ಹಳೆಯ ಗಾಡಿಗಳು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯ ಸೇರಿದವು. ಅಂಥ ಗಾಡಿ ಕೊಂಡು ಕರ್ನಾಟಕದ ಚಾರ್ಮಾಡಿ ಘಾಟಿ ಇಳಿಯುವವರು ಬಣ್ಣಕ್ಕಿಂತ ಮೊದಲು ಬ್ರೇಕಿಗೆ ಹಣ ಹಾಕಬೇಕು. ದೊಡ್ಡ ಡಿಸ್ಕ್ ಹುಡುಕುವ ಮುನ್ನ ರಬ್ಬರ್ ಹೋಸ್, ವೀಲ್ ಸಿಲಿಂಡರ್, ಲೈನಿಂಗ್ ಬದಲಾಗಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದು; ತೇವ ಸೇರಿದರೆ 140ರ ಹೊತ್ತಿಗೇ ಕುದಿಯಬಹುದು. ಆಗ ಪೆಡಲ್ ಒತ್ತಿದರೆ ಕುಗ್ಗುವುದು ಆವಿ, ಚಕ್ರ ನಿಲ್ಲುವುದಿಲ್ಲ. ಇನ್ನೊಂದು ಮಾತು: ಹಲವು ಪಿಕಪ್‌ಗಳಲ್ಲಿ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಹೆಚ್ಚು ಮಾಲು ಹೇರಲೆಂದು ಕಮಾನು ಪಟ್ಟಿ ಸೇರಿಸಿದರೆ ಗಾಡಿ ತಗ್ಗುವುದಿಲ್ಲ. ವಾಲ್ವಿಗೆ ಭಾರವೇ ತಿಳಿಯದೆ ಹಿಂದಿನ ಬ್ರೇಕ್ ದುರ್ಬಲವಾಗುತ್ತದೆ. ಪಟ್ಟಿ ಸೇರಿಸಿದವರು ವಾಲ್ವನ್ನೂ ಹೊಂದಿಸಲೇಬೇಕು. ಎಂಜಿನ್ ಕೆಟ್ಟರೆ ಒಂದು ದಿನದ ಬಾಡಿಗೆ ಹೋದೀತು. ಬ್ರೇಕ್ ಕೆಟ್ಟರೆ ಎದುರು ಬರುವವರ ಜೀವವೇ ಹೋಗುತ್ತದೆ.