ವೈರ್‌ಲೆಸ್‌ಗೂ ಮಳೆಗೆ ಮುಂಚೆಯೇ ಬೋರ್ಡೋ ಹೊಡೆಯಿರಿ

ಮಳೆ ಹಿಡಿದ ಮೇಲೆ ಡ್ರಮ್ಮು, ಪಂಪು ಹೊತ್ತುಕೊಂಡು ಬೋರ್ಡೋ ಹೊಡೆಯಲು ಹೊರಟವನನ್ನು ಕಂಡರೆ ನಮ್ಮ ಕಡೆ ತೋಟದ ಕೆಲಸದವರೇ ನಗುತ್ತಾರೆ. ಕೊಳೆರೋಗಕ್ಕೆ ಮದ್ದು ಮೇ ತಿಂಗಳಲ್ಲೇ ಆಗಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಗುಡ್ಡ ಕುಸಿದಾಗ, ಆನೆ ಬಂದಾಗ ನಮ್ಮನ್ನು ಕಾಯಬೇಕಾದ ವೈರ್‌ಲೆಸ್‌ಗೆ ಮಳೆಗೆ ಮುಂಚೆ ಯಾರು ಮದ್ದು ಹೊಡೆದರು ಅಂತ ನಾವ್ಯಾರೂ ಕೇಳುವುದಿಲ್ಲ.

ಈ ಬರಹ ಒಂದು ಡಬ್ಬಿಯ ಬಗ್ಗೆ. ಹೆಸರು ಡ್ಯುಪ್ಲೆಕ್ಸರ್. ಅದಕ್ಕೆ ಯಾವ ಮಂತ್ರಿಯೂ ಟೇಪು ಕತ್ತರಿಸುವುದಿಲ್ಲ. ಅದು ಕೆಟ್ಟರೆ ಸುದ್ದಿಯೂ ಆಗುವುದಿಲ್ಲ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿತು. ಚಾರ್ಮಾಡಿ ಘಾಟಿ ಬಂದ್ ಆಯಿತು. ಭದ್ರೆ ಉಕ್ಕಿದರೆ ಕಳಸದ ಹೆಬ್ಬಾಳೆ ಸೇತುವೆ ಮುಳುಗುವುದಂತೂ ನಮಗೆ ಹೊಸದಲ್ಲ. ಅಂಥ ದಿನ ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಮೊಬೈಲ್ ಬರೀ ಟಾರ್ಚ್ ಆಗುತ್ತದೆ. ಆಗ ಉಳಿಯುವುದು ಪೊಲೀಸರ, ಅರಣ್ಯದವರ ವಾಕಿಟಾಕಿ, ದೊಡ್ಡ ಎಸ್ಟೇಟುಗಳ ಸೆಟ್ಟು.

ವಾಕಿಟಾಕಿಯ ಮಾತು ಗುಡ್ಡ ದಾಟುವುದಿಲ್ಲ. ಅದಕ್ಕೇ ಎತ್ತರದಲ್ಲಿ ರಿಪೀಟರ್ ಇಡುತ್ತಾರೆ. ಮುಳ್ಳಯ್ಯನಗಿರಿಯ ತುದಿಗೆ ಹೋದವರು ಪೊಲೀಸ್ ವೈರ್‌ಲೆಸ್ ಕೇಂದ್ರ ನೋಡಿರುತ್ತೀರಿ. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಎರಡಕ್ಕೂ ಒಂದೇ ಆಂಟೆನಾ ಆದರೆ ನಡುವೆ ಡ್ಯುಪ್ಲೆಕ್ಸರ್ ಬೇಕೇ ಬೇಕು.

ಜಾತ್ರೆಯ ಮೈಕಿನ ಪಕ್ಕ ನಿಂತು, ಆಚೆ ಗುಡ್ಡದವನ ಪಿಸುಮಾತು ಕೇಳಬೇಕು ಅಂದುಕೊಳ್ಳಿ. ರಿಪೀಟರ್ ಮಾಡುವುದು ಇದನ್ನೇ. ಅದು ಕೂಗುವುದು 25 ವ್ಯಾಟ್‌ನಲ್ಲಿ. ಕಣಿವೆಯಿಂದ ಬರುವ ಸಿಗ್ನಲ್ ಅದರ ಕೋಟಿಯ ಕೋಟಿ ಪಾಲಿಗಿಂತಲೂ ಸಣ್ಣದಿರಬಹುದು. ತನ್ನ ಕೂಗು ತನ್ನದೇ ಕಿವಿಗೆ ನುಗ್ಗದಂತೆ ತಡೆಯುವ ಗೋಡೆಯೇ ಡ್ಯುಪ್ಲೆಕ್ಸರ್. ಒಳ್ಳೆಯದಾದರೆ 80 ಡೆಸಿಬೆಲ್, ಅಂದರೆ ಹತ್ತು ಕೋಟಿ ಪಟ್ಟು ತಡೆಯುತ್ತದೆ. ಅದು 60ಕ್ಕೆ ಇಳಿದರೆ ಗೋಡೆ ನೂರು ಪಟ್ಟು ತೆಳುವಾಯಿತು. ರಿಪೀಟರ್ ಸಾಯುವುದಿಲ್ಲ, ಕಿವುಡಾಗುತ್ತದೆ. ಹತ್ತಿರದವರ ಮಾತು ಕೇಳುತ್ತದೆ, ಕಣಿವೆಯವರದು ಕೇಳುವುದಿಲ್ಲ. ಅಪಾಯದಲ್ಲಿರುವವರು ಕಣಿವೆಯವರೇ.

ಯಾಕೆ ಹಾಳಾಗುತ್ತದೆ? ಒಳಗಿರುವುದು ಲೋಹದ ಡಬ್ಬಿಗಳು, ಪ್ರತಿ ಡಬ್ಬಿಯಲ್ಲಿ ಒಂದು ಸರಳು. 150 ಮೆಗಾಹರ್ಟ್ಸ್‌ಗೆ ಸರಳಿನ ಉದ್ದ ಸುಮಾರು ಅರ್ಧ ಮೀಟರ್. ಅದರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಟ್ಯೂನಿಂಗ್ ಸುಮಾರು 150 ಕಿಲೋಹರ್ಟ್ಸ್ ಜಾರುತ್ತದೆ. ಬಿಸಿಲು, ಚಳಿಗೆ ಲೋಹ ಹಿಗ್ಗಿ ಕುಗ್ಗುತ್ತದೆ ಅಂತಲೇ ಒಳ್ಳೆಯ ಡ್ಯುಪ್ಲೆಕ್ಸರ್‌ಗಳಲ್ಲಿ ಇನ್ವಾರ್ ಎಂಬ ಮಿಶ್ರಲೋಹ ಹಾಕುತ್ತಾರೆ. ಅದನ್ನು ಕಂಡುಹಿಡಿದ ಗಿಯೋಮ್‌ಗೆ 1920ರಲ್ಲಿ ನೊಬೆಲ್ ಬಂತು. ಆದರೆ ಇನ್ವಾರ್ ನಮ್ಮ ಮಂಜನ್ನು ತಡೆಯುವುದಿಲ್ಲ. ಕನೆಕ್ಟರ್ ಒಳಗೆ ನೀರು ಇಳಿದು ಹಸಿರು ಕಿಲುಬು ಹಿಡಿಯುತ್ತದೆ, ಲಾಕ್ ನಟ್ ಸಡಿಲಾಗುತ್ತದೆ, ಸಿಡಿಲು ಹತ್ತಿರ ಬಡಿಯುತ್ತದೆ.

ಕಿವುಡು ರಿಪೀಟರ್‌ಗೆ ನಾವು ಮಾಡುವ ಚಿಕಿತ್ಸೆ ರೋಗಕ್ಕಿಂತ ಕೆಟ್ಟದು. ಹೊಸ ವಾಕಿಟಾಕಿ ತರಿಸುತ್ತೇವೆ. ಇಲ್ಲವೇ 25 ವ್ಯಾಟ್‌ನ ರಿಪೀಟರನ್ನು 50ಕ್ಕೆ ಏರಿಸುತ್ತೇವೆ. ಕಿವಿ ಕೇಳದವನ ಕೈಗೆ ಇನ್ನೊಂದು ಮೈಕು ಕೊಟ್ಟಂತೆ! ಕೂಗು ಜೋರಾದಷ್ಟೂ ಕಿವಿ ಇನ್ನೂ ಮಂದವಾಗುತ್ತದೆ. ಇಷ್ಟೂ ಸಾಲದೆಂದು ಯಾರೋ ಸ್ಕ್ರೂಡ್ರೈವರ್ ಹಿಡಿದು, ಮೀಟರಿನಲ್ಲಿ ಪವರ್ ಜಾಸ್ತಿ ಕಂಡಲ್ಲಿಗೆ ತಿರುಗಿಸಿ ಬರುತ್ತಾರೆ. ಪವರ್ ಏರಿರಬಹುದು, ಗೋಡೆ ಕುಸಿದಿರುತ್ತದೆ. ಅಳತೆ ಮಾಡುವ ಉಪಕರಣ ಇಲ್ಲದೆ ಆ ಸ್ಕ್ರೂ ಮುಟ್ಟುವುದೇ ತಪ್ಪು. ಎಸ್ಟೇಟ್ ಮಾಲೀಕರೇ, ಈ ಮಾತು ನಿಮಗೂ ಸೇರಿ.

ಸರಿಯಾದ ಪರೀಕ್ಷೆ ಕಷ್ಟದ್ದಲ್ಲ. ಸಿಗ್ನಲ್ ಅರೆಬರೆ ಸಿಗುವ ಜಾಗದಿಂದ ಒಬ್ಬರು ಮಾತಾಡಲಿ. ಇನ್ನೊಬ್ಬರು ಮೇಲೆ ರಿಪೀಟರ್ ಹತ್ತಿರ ಟ್ರಾನ್ಸ್‌ಮಿಟರ್ ಆಫ್ ಮಾಡಿ ಕೇಳಲಿ, ಆಮೇಲೆ ಆನ್ ಮಾಡಿ ಕೇಳಲಿ. ಆನ್ ಆದಾಗ ದನಿ ಮುಳುಗಿದರೆ ದೋಷ ಡ್ಯುಪ್ಲೆಕ್ಸರ್‌ನಲ್ಲೋ, ಅದರ ಕೇಬಲ್, ಆಂಟೆನಾದಲ್ಲೋ ಇದೆ. ಆಮೇಲಿನ ಕೆಲಸ ತಿಳಿದವರದು: ಕನೆಕ್ಟರ್ ಬಿಚ್ಚಿ ಒರೆಸಬೇಕು, ನೆಟ್‌ವರ್ಕ್ ಅನಲೈಸರ್ ಹಚ್ಚಿ ಒಂದೊಂದೇ ಡಬ್ಬಿ ಟ್ಯೂನ್ ಮಾಡಬೇಕು, ನಟ್ ಬಿಗಿಯಬೇಕು, ಅಳತೆ ಮತ್ತು ತಾರೀಖು ಬರೆದು ಅಂಟಿಸಬೇಕು. ಡಬ್ಬಿಗಳ ನಡುವಿನ ಕೇಬಲನ್ನು ಕಂಡಕಂಡಷ್ಟು ಕತ್ತರಿಸಬಾರದು, ಅದರ ಉದ್ದವೂ ಲೆಕ್ಕದ್ದೇ. ಚಿಕ್ಕ ಅನಲೈಸರ್ ಈಗ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ನಮ್ಮ ಐಟಿಐ, ಪಾಲಿಟೆಕ್ನಿಕ್ ಹುಡುಗ ಹುಡುಗಿಯರಿಗೆ ಇದನ್ನು ಕಲಿಸಲು ಯಾವ ಅಡ್ಡಿ?

‘ಟವರ್ ಬರುತ್ತಲ್ಲ, ಇದೆಲ್ಲ ಹಳೇ ಕಾಲದ್ದು’ ಅನ್ನುವವರಿದ್ದಾರೆ. ನೀವು ಇದನ್ನು ಓದುತ್ತಿರುವ ಮೊಬೈಲಿನೊಳಗೂ ಅಕ್ಕಿಕಾಳಿಗಿಂತ ಚಿಕ್ಕ ಡ್ಯುಪ್ಲೆಕ್ಸರ್ ಇದೆ. ಅದು ಫ್ಯಾಕ್ಟರಿಯಲ್ಲೇ ಸಿದ್ಧವಾಗಿ ಬಂದದ್ದು, ಕೈ ಹಚ್ಚಬೇಕಿಲ್ಲ. ಗುಡ್ಡದ ಮೇಲಿನದು ಹಾಗಲ್ಲ. ಮತ್ತೆ ಟವರ್ ಬಂದರೂ ಕರೆಂಟು ಇಲ್ಲದ ಮೂರನೇ ದಿನ ಅದು ಬರೀ ಕಬ್ಬಿಣ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮುಂಗಾರು ಸಿದ್ಧತೆಯ ಸಭೆಯಲ್ಲಿ ಮರಳಿನ ಚೀಲ, ದೋಣಿಗಳ ಲೆಕ್ಕದ ಜೊತೆ ಒಂದು ಸಾಲು ಸೇರಲಿ: ಪ್ರತಿ ರಿಪೀಟರಿನ ಡ್ಯುಪ್ಲೆಕ್ಸರ್ ಮೇ 31ರೊಳಗೆ ಪರೀಕ್ಷೆಯಾಗಿದೆ, ಈ ತಾರೀಖು, ಇವರ ಸಹಿ.

ನಾವೂ ಸುಮ್ಮನೆ ಕೂರಬೇಕಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಫ್ರೀಕ್ವೆನ್ಸಿ ಕೇಳಬೇಡಿ, ಭದ್ರತೆಯ ನೆಪ ಹೇಳುತ್ತಾರೆ. ಮೂರೇ ಪ್ರಶ್ನೆ ಸಾಕು: ಕೊನೆಯ ಸಲ ಪರೀಕ್ಷೆ ಆದದ್ದು ಯಾವಾಗ? ಮಾಡಿದವರು ಯಾವ ಹುದ್ದೆಯವರು? ಈ ವರ್ಷ ನಿರ್ವಹಣೆಗೆ ಇಟ್ಟ ಹಣವೆಷ್ಟು? 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಗುಡ್ಡದ ಕೆಳಗಿನಿಂದ ಯಾರೋ ಸೆಟ್ ಒತ್ತಿ ಕೂಗುತ್ತಿರುವಾಗ, ಮೇಲಿನ ಡಬ್ಬಿ ಕಿವುಡಾಗಿತ್ತು ಅಂತ ಆಮೇಲೆ ತಿಳಿಯುವುದು ಬೇಡ.